ನಡುಮನೆಯ ಬಂಡೆಯ ಕೆಳಗೆ

ನಮ್ಮ ಬಳಗದಲ್ಲಿ ಯಾರು ಮನೆ ಮಾರಲು ಹೊರಟರೂ ಮೊದಲು ನನ್ನ ಹತ್ತಿರ ಬರುತ್ತಾರೆ. ನಾನು ಬದುಕಿನಲ್ಲಿ ಮಾರಿದ್ದು ಒಂದೇ ಮನೆ. ಅದನ್ನು ಮಾರಲು ಪಟ್ಟ ಪಾಡು ಎಲ್ಲರಿಗೂ ಗೊತ್ತಿರುವುದರಿಂದ ಈ ವಿದ್ಯೆ ನನಗೆ ಬರುತ್ತದೆ ಎಂದು ತಿಳಿದಿದ್ದಾರೆ. ಹಳೆಯದು ಕೈಬಿಡುವವರೆಗೆ ಹೊಸದಕ್ಕೆ ಮುಂಗಡ ಕೊಡಬೇಡಿ ಎನ್ನುತ್ತೇನೆ. ನೋಡಿ ಹೋದವರು ತಿರುಗಿ ಬರದಿದ್ದರೆ ನಾಚಿಕೆಪಡದೆ ಅವರ ಮನೆಗೇ ಹೋಗಿ ಯಾಕೆಂದು ಕೇಳಿ ಎನ್ನುತ್ತೇನೆ. ಅವರು ತಲೆಯಾಡಿಸಿ ಚಹಾ ಕುಡಿದು ಹೋಗುತ್ತಾರೆ. ಈ ಮಾತುಗಳು ನನಗೆ ಹೇಗೆ ಬಂದವು ಎಂದು ಈವರೆಗೆ ಯಾರೂ ಕೇಳಿಲ್ಲ.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ನಾನು ಕೊಟ್ಟೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ನನ್ನ ಗಂಡ ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತರು, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾವಿದ್ದದ್ದು ನನ್ನ ತವರುಮನೆಯಲ್ಲಿ. ಅಪ್ಪನಿಗೆ ನಾನೊಬ್ಬಳೇ ಮಗಳು. ಅಪ್ಪ, ಅವ್ವ ತೀರಿಕೊಂಡ ಮೇಲೆ ಮನೆ ನನ್ನ ಹೆಸರಿಗೆ ಬಂದಿತ್ತು. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದವಳು, ಅದೇ ಮನೆಯಲ್ಲಿ ಮುದುಕಿಯಾಗಿದ್ದಳು.

ಮಣ್ಣಿನ ಮಾಳಿಗೆಯ ದೊಡ್ಡ ಮನೆ ಅದು. ಮುಂದೆ ಪಡಸಾಲೆ, ಅದರ ಒಳಗೆ ನಡುಮನೆ, ಆಮೇಲೆ ಅಡಿಗೆಮನೆ, ಹಿತ್ತಿಲು. ತೊಲೆ, ಕಂಬ, ಬಾಗಿಲುಗಳೆಲ್ಲ ಹಳೆಯ ಕಾಲದ ತೇಗ. ನಡುಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಒಂದು ಬೆಳಕಿಂಡಿಯಿಂದ ಮಾತ್ರ. ನೆಲಕ್ಕೆ ಬಂಡೆ ಹಾಸಿತ್ತು. ಬೇಸಿಗೆಯ ಮಧ್ಯಾಹ್ನ ಮೂಲೆಯ ದೊಡ್ಡ ಬಂಡೆಯೊಂದು ಬೇರೆ ಬಂಡೆಗಳಿಗಿಂತ ತಂಪಾಗಿರುತ್ತಿತ್ತು. ಸಣ್ಣವಳಿದ್ದಾಗ ಅದರ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದೆ. ಅತ್ತೆ ಬಂದು ಎಬ್ಬಿಸಿ ಪಡಸಾಲೆಗೆ ಕಳಿಸುತ್ತಿದ್ದಳು. ಕೊನೆಗೆ ಅಲ್ಲಿ ಬೀಸುಕಲ್ಲು ತಂದು ಇಟ್ಟಳು.

ಹಗರಿಬೊಮ್ಮನಹಳ್ಳಿ ಆಗ ನಕ್ಷೆ ಹಾಕಿ ಕಟ್ಟಿದ ಹೊಸ ಊರಿನಂತೆ ಕಾಣುತ್ತಿತ್ತು. ದಿನದ ಬಸ್ ಓಡಾಟ ಸಾಕಾಗಿ ನನ್ನ ಗಂಡ ಅಲ್ಲಿ ಒಂದು ಸಣ್ಣ ಆರ್‌ಸಿಸಿ ಮನೆ ನೋಡಿ ಬಂದರು. ಅದರ ಮಾಲೀಕ ಹೊಸಪೇಟೆಗೆ ಹೋಗುವವನಿದ್ದ, ಯುಗಾದಿಯವರೆಗೆ ಕಾಯುತ್ತೇನೆ ಅಂದ. ನಾವು ಮುಂಗಡ ಕೊಟ್ಟುಬಿಟ್ಟೆವು. ಕೊಟ್ಟೂರಿನ ಮನೆ ದೀಪಾವಳಿಯೊಳಗೆ ಹೋಗುತ್ತದೆ ಎಂದು ಎಣಿಸಿದ್ದೆವು. ಅಂಥ ತೇಗ ಈಗ ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಅನ್ನುತ್ತಿದ್ದರು. ಅಂದವರು ಯಾರೂ ಕೊಳ್ಳುವವರಲ್ಲ ಎಂಬುದು ನಮಗೆ ಹೊಳೆಯಲಿಲ್ಲ.

ಆ ವರ್ಷ ಪೇಟೆ ಮಲಗಿತ್ತು. ಶೇಂಗಾ, ಹತ್ತಿ ಏನನ್ನು ಒಯ್ದರೂ ಕೇಳುವವರಿಲ್ಲ, ಹಾಗಾಗಿ ಯಾರ ಕೈಯಲ್ಲೂ ಮನೆ ಕೊಳ್ಳುವಷ್ಟು ರೊಕ್ಕ ಇರಲಿಲ್ಲ. ಆದರೂ ಮಾಳಿಗೆಗೆ ಹೊಸ ಮಣ್ಣು ಹಾಕಿಸಿದೆವು, ಗೋಡೆಗೆ ಸುಣ್ಣ ಬಳಿಸಿದೆವು, ತಲಬಾಗಿಲಿಗೆ ಎಣ್ಣೆ ಉಜ್ಜಿದೆವು. ನಡುಮನೆಯ ನೆಲ ಏರುತಗ್ಗಾಗಿದೆ, ಬಂಡೆಗಳನ್ನು ಎಬ್ಬಿಸಿ ಸರಿಯಾಗಿ ಕೂಡಿಸೋಣ ಎಂದು ನನ್ನ ಗಂಡ ಗೌಂಡಿಯನ್ನು ಕರೆಸಿದರು. ಅಲ್ಲಿಯವರೆಗೆ ಯಾವುದಕ್ಕೂ ಬಾಯಿ ಹಾಕದಿದ್ದ ಅತ್ತೆ ಬಾಗಿಲಲ್ಲಿ ಬಂದು ನಿಂತಳು.

"ನಡುಮನಿ ಬಂಡಿ ಕೀಳಬ್ಯಾಡ್ರಿ. ಅದು ಇದ್ದಂಗ ಇರ್ಲಿ."

ಮುದುಕರಿಗೆ ಹಳೆಯ ನೆಲದ ಮೇಲೆ ಮೋಹ ಎಂದುಕೊಂಡೆವು. ಗೌಂಡಿಯನ್ನು ಕಳಿಸಿಬಿಟ್ಟೆವು.

ನೋಡಲು ಬಂದವರಲ್ಲಿ ಒಬ್ಬ ಮಾತ್ರ ಮತ್ತೆ ಮತ್ತೆ ಬಂದ. ಅವನು ಹಳೆಯ ಮನೆಗಳನ್ನು ಕೊಂಡು, ಬಿಚ್ಚಿ, ಕಟ್ಟಿಗೆ ಮಾರುವವನು. ಊರ ಹೊರಗೆ ಅವನ ಡಿಪೋದಲ್ಲಿ ಬಾಗಿಲು, ಚೌಕಟ್ಟು, ತೊಲೆಗಳನ್ನು ಒಟ್ಟಿರುತ್ತಿದ್ದರು. ಹೂವಿನಹಡಗಲಿ, ಹರಪನಹಳ್ಳಿ ಕಡೆಯಿಂದೆಲ್ಲ ಕೊಳ್ಳುವವರು ಅಲ್ಲಿಗೆ ಬರುತ್ತಿದ್ದರು. ಪೇಟೆ ಮಲಗಿದಾಗ ಎದ್ದು ಓಡಾಡುವುದು ಇಂಥವರೇ. ಐವತ್ತರ ಹತ್ತಿರದ ವಯಸ್ಸು, ಒಗೆದ ಬಿಳಿ ಧೋತ್ರ, ತಗ್ಗಿದ ದನಿ. ಸಂತೆಯ ದಿನ ಸಂಜೆ ಬಂದು ಪಡಸಾಲೆಯಲ್ಲಿ ಕೂತು ನೀರು ಕೇಳುತ್ತಿದ್ದ. ಆಮೇಲೆ ಎದ್ದು ಬೆರಳಿನ ಗೆಣ್ಣಿನಿಂದ ಒಂದೊಂದೇ ಕಂಬ ಬಡಿದು ಕಿವಿಗೊಡುತ್ತಿದ್ದ. ನಡುಮನೆಗೆ ಬಂದರೆ ಗೋಡೆ ಹಿಡಿದುಕೊಂಡೇ ಸುತ್ತುತ್ತಿದ್ದ, ಬೀಸುಕಲ್ಲಿನ ಕಡೆ ಕಾಲಿಡುತ್ತಿರಲಿಲ್ಲ. ಅವನ ದನಿ ಕೇಳಿದರೆ ಅತ್ತೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಅವನು ಹೋದ ಮೇಲೂ ಎಷ್ಟೋ ಹೊತ್ತು ಒಳಗೆ ಬರುತ್ತಿರಲಿಲ್ಲ.

ಬೆಲೆ ಹೇಳಿ ಎಂದು ನನ್ನ ಗಂಡ ಎಷ್ಟು ಸಲ ಕೇಳಿದರೂ ಅವನದು ಒಂದೇ ಉತ್ತರ.

"ಅವಸರ ಇಲ್ಲ ಬಿಡ್ರಿ. ಮನಿ ಎಲ್ಲಿಗೂ ಹೋಗಂಗಿಲ್ಲ, ನಾನೂ ಎಲ್ಲಿಗೂ ಹೋಗಂಗಿಲ್ಲ."

ಈ ಮಾತು ಮೊದಲು ಸೌಜನ್ಯದಂತೆ ಕೇಳಿಸಿತು. ದೀಪಾವಳಿ ಕಳೆಯಿತು, ಸಂಕ್ರಾಂತಿ ಬಂತು. ಬಂದವರೆಲ್ಲ ಒಂದೇ ಸಲ ಬಂದರು, ಎರಡನೆಯ ಸಲ ಬಂದವನು ಅವನೊಬ್ಬನೇ. ಆಗ ಆ ಮಾತು ನನಗೆ ಬೇರೆ ರೀತಿ ಕೇಳಿಸತೊಡಗಿತು. ತರಗತಿಯಲ್ಲಿ ಪಾಠ ಮಾಡುವಾಗ ಯಾವುದೋ ಹುಡುಗ ಹಲಗೆ ಬಡಿದರೂ ನಾನು ತಿರುಗಿ ಬಾಗಿಲ ಕಡೆ ನೋಡುತ್ತಿದ್ದೆ. ನಮ್ಮ ಅಗತ್ಯ ಹಣ್ಣಾಗಿ ತಾನೇ ಉದುರಲಿ ಎಂದು ಅವನು ಕಾಯುತ್ತಿದ್ದಾನೆ ಎಂದು ನನ್ನ ಗಂಡ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು.

ಸಂಕ್ರಾಂತಿಯ ನಂತರ ಕೂಡ್ಲಿಗಿಯಿಂದ ಗಂಡ ಹೆಂಡತಿ ಬಂದರು. ಗಂಡ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್, ಕೊಟ್ಟೂರಿಗೆ ವರ್ಗವಾಗುವ ಸೂಚನೆ ಇತ್ತು. ಹೆಂಡತಿ ಅಡಿಗೆಮನೆಯಲ್ಲಿ ನಿಂತು ಒಲೆ ಎಲ್ಲಿ, ನೀರಿನ ಹಂಡೆ ಎಲ್ಲಿ ಎಂದು ಆಗಲೇ ಮನಸ್ಸಿನಲ್ಲಿ ಇಡತೊಡಗಿದ್ದಳು. ಬರುವ ಭಾನುವಾರ ಹಿರಿಯರನ್ನು ಕರೆದುಕೊಂಡು ಬಂದು ಮಾತು ಮುಗಿಸುತ್ತೇವೆ ಎಂದು ಹೇಳಿ ಹೋದರು. ಭಾನುವಾರ ನಾನು ಹೋಳಿಗೆ ಮಾಡಿ ಕಾದೆ. ಅವರು ಬರಲಿಲ್ಲ, ಬರುವುದಿಲ್ಲ ಎಂದು ಹೇಳಿಯೂ ಕಳಿಸಲಿಲ್ಲ.

ಇನ್ನೊಂದು ವಾರ ಕಾದು ನಾನೇ ಬಸ್ ಹತ್ತಿ ಕೂಡ್ಲಿಗಿಗೆ ಹೋದೆ. ಕೊಳ್ಳುವವರ ಮನೆಗೆ ಮಾರುವವರು ಹೋದರೆ ಬೆಲೆ ಇಳಿಯುತ್ತದೆ ಎಂದು ನನ್ನ ಗಂಡ ಬೇಡ ಅಂದಿದ್ದರು. ಆಕೆ ನನ್ನನ್ನು ಕಂಡು ಗಾಬರಿಯಾದಳು. ಕೂಡಿಸಿದಳು, ಚುರಮುರಿ ಕಲೆಸಿ ಕೊಟ್ಟಳು, ಮಕ್ಕಳನ್ನು ಹೊರಗೆ ಕಳಿಸಿದಳು. ಬೆಲೆ ಹೆಚ್ಚಾಯಿತೇ ಎಂದು ಕೇಳಿದೆ. ಇಲ್ಲ ಅಂದಳು. ಊರು ಹಿಡಿಸಲಿಲ್ಲವೇ ಎಂದು ಕೇಳಿದೆ. ಆಮೇಲೆ ಅವಳೇ ಹೇಳಿದಳು.

"ನಿಮ್ಮ ನಡುಮನಿ ಕೆಳಗ ಹಗೇವು ಐತಂತಲ್ರಿ ಅಕ್ಕೋರ. ಅದ್ರಾಗ ಇಳಿದ ಇಬ್ರು ಮ್ಯಾಲೆ ಬರಲಿಲ್ಲಂತ. ಸಣ್ಣ ಮಕ್ಕಳದಾವ್ರಿ ನಮಗ."

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಅದು ಇರುವುದು ಅಪರೂಪವಲ್ಲ. ಆದರೆ ನಮ್ಮ ಮನೆಯಲ್ಲಿ ಇತ್ತು ಎಂದು ನಾನು ಕೇಳಿಯೇ ಇರಲಿಲ್ಲ. ನಾನು ಅದೇ ಮನೆಯಲ್ಲಿ ಹುಟ್ಟಿದವಳು, ಅಂಥದ್ದೇನೂ ಇಲ್ಲ ಎಂದೆ. ಯಾರು ಹೇಳಿದರು ಎಂದು ಕೇಳಿದೆ. ಸಂತೆಯಲ್ಲಿ ಅವರಿವರು ಅಂದರಂತೆ. ಆಮೇಲೆ ಅವಳ ಗಂಡ ಆ ಹಳೆಯ ಕಟ್ಟಿಗೆಯ ಸಾಹುಕಾರನನ್ನೇ ಕೇಳಿದರಂತೆ. ಅವನು ಇಲ್ಲ ಅನ್ನಲಿಲ್ಲವಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅವನ ಮೇಲೆ ಬೆಂಕಿಯಂಥ ಸಿಟ್ಟು. ಮನೆಯ ಹೆಸರು ಕೆಡಿಸಿ ಕಟ್ಟಿಗೆಯ ಬೆಲೆಗೆ ಹೊಡೆದುಕೊಳ್ಳುವ ಹುನ್ನಾರ ಎಂದುಕೊಂಡೆ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅತ್ತೆಯ ಮುಂದೆ ಎಲ್ಲ ಹೇಳಿದೆ. ಅವಳೂ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಪ್ಪು ಸೋಸುತ್ತಿದ್ದಳು. ಕೈ ನಿಂತಿತು.

"ಇಬ್ರಲ್ಲ," ಅಂದಳು. "ಒಬ್ಬಾವ. ಅದ್ರಾಗ ಸಾಯಲಿಲ್ಲ ಅವ."

ಆಮೇಲೆ ಉಳಿದದ್ದನ್ನು ಅವಳು ಸೊಪ್ಪಿನ ಬುಟ್ಟಿ ನೋಡುತ್ತಲೇ ಹೇಳಿದಳು. ಅದು ನನ್ನ ಅಜ್ಜನ ಕಾಲ. ಒಂದು ವರ್ಷ ಜೋಳಕ್ಕೆ ಒಳ್ಳೆಯ ಬೆಲೆ ಬಂದು, ಕೊಳ್ಳುವವರ ಗಾಡಿಗಳು ಬಾಗಿಲಿಗೆ ಬಂದು ನಿಂತಿದ್ದವು. ಹಗೇವಿನ ಬಾಯಿ ತೆಗೆದರೆ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ಆಮೇಲೆ ಕಂದೀಲು ಇಳಿಬಿಟ್ಟು ನೋಡಬೇಕು, ದೀಪ ಆರದೆ ನಿಂತರೆ ಮಾತ್ರ ಮನುಷ್ಯ ಇಳಿಯಬೇಕು. ಕಂದೀಲು ಇಳಿಬಿಡುವ ಕೆಲಸ ಆಗಿನ್ನೂ ಲಂಗ ಉಡುತ್ತಿದ್ದ ಅತ್ತೆಯದು.

"ಅರ್ಧಕ್ಕ ಹೋಗದ್ರಾಗ ಆರಿತವ್ವ. ಅಪ್ಪಗ ಹೇಳಿದೆ. ಗಾಳಿಗೆ ಆರೈತಿ, ಸರಿ ಆಕಡೆ ಅಂದ. ಹಗೇದಾಗ ಎಲ್ಲಿ ಗಾಳಿ?"

ಕೂಲಿಯವನು ಹಗ್ಗ ಹಿಡಿದು ಇಳಿದ. ಇಳಿದವನು ಕೂಗಲಿಲ್ಲ, ಕರೆದರೆ ಓಗೊಡಲಿಲ್ಲ. ಕೊಕ್ಕೆ ಹಾಕಿ ಎಳೆದು ತೆಗೆದರು. ಉಸಿರಿತ್ತು. ಬದುಕಿದ, ಆದರೆ ಮಾತು ಹೋಯಿತು, ಹೆಂಡತಿ ಮಕ್ಕಳ ಗುರುತೂ ಸರಿಯಾಗಿ ಉಳಿಯಲಿಲ್ಲ. ಅಜ್ಜ ಎರಡು ಸುಗ್ಗಿ ಅವರ ಮನೆಗೆ ಜೋಳ ಕಳಿಸಿದ, ಆಮೇಲೆ ನಿಲ್ಲಿಸಿದ. ಹಗೇವನ್ನು ಮಣ್ಣು ತುಂಬಿ ಮುಚ್ಚಿಸಿದ್ದೇನೆ ಎಂದು ಮನೆಯವರಿಗೆಲ್ಲ ಹೇಳಿದ. ಆ ಮನುಷ್ಯ ಎಷ್ಟೋ ವರ್ಷ ತನ್ನ ಗುಡಿಸಲ ಮುಂದೆ ಕೂತೇ ಇದ್ದ. ಅತ್ತೆ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಳು.

"ಈಗ ಬಂದು ಕಂಬ ಬಡೀತಾನಲ್ಲ," ಅಂದಳು ಅತ್ತೆ, "ಇಳಿದಾವ ಅವನ ಅಪ್ಪ."

ಮುಂದಿನ ಸಂತೆಯ ದಿನ ಅವನು ಬಂದಾಗ ನಾನು ನೀರು ಕೊಟ್ಟು ಎದುರಿಗೇ ಕೂತೆ. ಅತ್ತೆ ಹಿತ್ತಿಲಿಗೆ ಹೋಗಲಿಲ್ಲ, ಒಳಬಾಗಿಲ ಬಳಿ ನಿಂತಿದ್ದಳು. ಕೊಳ್ಳುವವರಿಗೆ ಹಗೇವಿನ ಮಾತು ಹೇಳಿದ್ದು ನೀವೇನಾ ಎಂದು ಕೇಳಿದೆ. ಅವನು ನೀರು ಪೂರ್ತಿ ಕುಡಿದು ಚೊಂಬು ಕೆಳಗಿಟ್ಟ.

"ನಾ ಯಾರ ಮನಿಗೂ ಹೋಗಿ ಹೇಳಿಲ್ರಿ. ಕೇಳಿದವ್ರಿಗೆ ಇಲ್ಲ ಅಂದಿಲ್ಲ, ಅಷ್ಟ. ಇಬ್ರು ಸತ್ರು ಅಂತ ಸೇರಿಸಿದ್ದು ಊರು."

ಹಾಗಾದರೆ ನಿಮಗೆ ಬೇಕಾದದ್ದು ಏನು, ಮನೆಯೋ ಕಟ್ಟಿಗೆಯೋ ಎಂದು ನನ್ನ ಗಂಡ ಕೇಳಿದರು. ಅವನು ಅವರ ಕಡೆ ನೋಡಲೇ ಇಲ್ಲ.

"ಆ ನಡುಮನಿ ಬಂಡಿ ಎತ್ತಿಸ್ರಿ ಅಕ್ಕೋರ. ಒಂದ್ಸಲ ನೋಡಿದ ಮ್ಯಾಲೆ ನಾ ಬರಂಗಿಲ್ಲ."

ಮಣ್ಣು ತುಂಬಿದ್ದನ್ನು ನೋಡಿ ಹೋಗಲಿ, ಅಲ್ಲಿಗೆ ಈ ಕಾಟ ಮುಗಿಯುತ್ತದೆ ಎಂದು ನಾನು ಒಪ್ಪಿದೆ. ಭಾನುವಾರ ಬೆಳಿಗ್ಗೆ ಇಬ್ಬರು ಹಮಾಲರು ಹಾರೆ ತಂದರು. ಬೀಸುಕಲ್ಲು ಸರಿಸಿ ಬಂಡೆ ಎಬ್ಬಿಸಿದರು. ಕೆಳಗೆ ಕೆಸರು ಗಟ್ಟಿಯಾದಂಥ ಮಣ್ಣಿನ ಮುಚ್ಚಳ, ಅದರ ಕೆಳಗೆ ಒಂದು ದುಂಡನೆಯ ಕಲ್ಲು. ಕಲ್ಲಿನ ಸಂದಿಗೆ ಹಾರೆ ಹಾಕಿ ಮೀಟಿದಾಗ ಒಂದು ಸಣ್ಣ ಮಣ್ಣಹೆಂಟೆ ಒಳಗೆ ಬಿತ್ತು. ಅದು ನೆಲ ಮುಟ್ಟಿದ ಸದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಹಮಾಲರು ಹಾರೆ ಹಿಡಿದವರು ಹಿಡಿದ ಹಾಗೇ ಹಿಂದೆ ಸರಿದರು.

ಅಜ್ಜ ಅದನ್ನು ತುಂಬಿಸಿರಲಿಲ್ಲ. ಬಾಯಿಗೆ ಕಲ್ಲಿಟ್ಟು ಮೇಲೆ ಬಂಡೆ ಎಳೆಸಿದ್ದ, ಅಷ್ಟೇ. ಕಲ್ಲು ಪೂರ್ತಿ ಸರಿದಾಗ ಹಳೆಯ ಹೊಟ್ಟಿನ, ಕೊಳೆತ ಕಾಳಿನ ಬೆಚ್ಚಗಿನ ವಾಸನೆ ಎದ್ದಿತು. ಬೆಳಕಿಂಡಿಯ ಬೆಳಕು ಆ ಬಾಯಿಯ ಅಂಚಿನವರೆಗೆ ಬಂದು ನಿಂತಿತ್ತು, ಒಳಗೆ ಇಳಿಯಲಿಲ್ಲ. ನಾನು ನಡೆಯಲು ಕಲಿತದ್ದು, ಮಲಗಿದ್ದು, ಮದುವೆಯಲ್ಲಿ ಹಸೆಗೆ ಕೂತದ್ದು ಎಲ್ಲ ಇದರ ಮೇಲೇ. ಗೋಡೆ ಹಿಡಿದುಕೊಂಡೆ. ಪಕ್ಕದಲ್ಲೇ ಅವನೂ ಗೋಡೆ ಹಿಡಿದು ನಿಂತಿದ್ದ.

ಯಾರೂ ಹೇಳದೆ ಅತ್ತೆ ಕಂದೀಲು ತಂದಳು. ಹಗಲು ಹೊತ್ತಿನಲ್ಲಿ ಹಚ್ಚಿ, ಬಾವಿಹಗ್ಗಕ್ಕೆ ಕಟ್ಟಿ, ಅಂಚಿನಲ್ಲಿ ಕೂತು ಇಳಿಬಿಟ್ಟಳು. ಬೆಳಕಿನಲ್ಲಿ ಕಪ್ಪು ಮಣ್ಣಿನ ಗೋಡೆ ನುಣ್ಣಗೆ ಹೊಳೆಯಿತು. ಇನ್ನೂ ಕೆಳಗೆ ಹೋದಂತೆ ಗೋಡೆ ಎರಡೂ ಕಡೆಗೆ ಸರಿದು ಕಾಣದಾಯಿತು. ದೀಪ ಸಣ್ಣದಾಯಿತು. ಗಾಜಿನೊಳಗೆ ಒಂದು ನೀಲಿ ಎಳೆಯಷ್ಟೇ ಉಳಿಯಿತು, ಅದೂ ಹೋಯಿತು.

"ಅವತ್ತೂ ಹಿಂಗ ಆರಿತಪ್ಪ," ಎಂದು ಅತ್ತೆ ಅವನಿಗೆ ಹೇಳಿದಳು. "ನಾ ನೋಡಿದ್ದೆ. ನೋಡಿ ಹೇಳಿದ್ದೆ."

ಅವನು ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಕಂದೀಲು ತಳ ಮುಟ್ಟುವವರೆಗೆ ಬಿಟ್ಟ. ಹಗ್ಗ ಸಡಿಲವಾದಾಗ ಹಾಗೇ ಹಿಡಿದು ನಿಂತ.

"ಇಷ್ಟು ಆಳ ಐತಿ ಅಂತ ನಮಗ ಹೇಳೋರಿರಲಿಲ್ಲ," ಅಂದ. "ಕಂದೀಲು ಆರಿದ್ದನ್ನ ನಮ್ಮವ್ವ ಇದ್ದಾಗ ಹೇಳಬೇಕಾಗಿತ್ತು ದೊಡ್ಡವ್ವ. ಅಪ್ಪ ಕುಡಿದು ಇಳಿದಿದ್ದ ಅಂತ ಊರು ಅಂತಿತ್ತು. ಆಕಿ ಅದನ್ನ ನಂಬಿ ಸತ್ಲು."

ಅವನು ಕಂದೀಲು ಎಳೆದು ತೆಗೆದು, ಅದರ ಮಣ್ಣು ಒರೆಸಿ ಕಟ್ಟೆಯ ಮೇಲಿಟ್ಟು ಹೊರಟ. ಆ ದಿನವೂ ಬೆಲೆ ಹೇಳಲಿಲ್ಲ. ಮಾತಿನಂತೆ ಮತ್ತೆ ಬರಲಿಲ್ಲ. ಇದ್ದ ಒಬ್ಬ ಗಿರಾಕಿಯೂ ಹೋದ ಎಂದು ನನ್ನ ಗಂಡ ಗೊಣಗಿದರು. ಅದೂ ನಿಜವೇ.

ಕೆರೆಯಿಂದ ಗಾಡಿಗಟ್ಟಲೆ ಮಣ್ಣು ತರಿಸಿ ಹಗೇವು ತುಂಬಿಸಿದೆವು. ಪ್ರತಿ ಗಾಡಿಯೂ ಓಣಿಯವರ ಕಣ್ಣೆದುರೇ ಬಂದು ಸುರಿದು ಹೋಯಿತು. ಗೌಂಡಿ ಹೇಳಿದಷ್ಟಕ್ಕೆ ಅದು ತುಂಬಲಿಲ್ಲ, ಇನ್ನಷ್ಟು ತರಿಸಬೇಕಾಯಿತು. ಆ ದಿನಗಳಲ್ಲಿ ನಡುಮನೆಯ ಬಾಗಿಲಿಗೆ ಅಗಳಿ ಹಾಕಿಯೇ ಇಡುತ್ತಿದ್ದೆವು. ಅಡಿಗೆಮನೆಗೆ ಹೋಗಲು ಹಿತ್ತಿಲು ಸುತ್ತುತ್ತಿದ್ದೆವು. ಮಣ್ಣು ತುಂಬಿ ಬಂಡೆ ಕೂಡಿಸಿದ ಮೇಲೂ ಅತ್ತೆ ಒಳಗೆ ಬರಲಿಲ್ಲ, ಅವಳು ಮಲಗುವ ಹೊರಸು ಪಡಸಾಲೆಗೆ ಬಂತು. ಯುಗಾದಿ ಕಳೆಯಿತು. ಹಗರಿಬೊಮ್ಮನಹಳ್ಳಿಯ ಮನೆ ಇನ್ನೊಬ್ಬರ ಪಾಲಾಯಿತು. ಮುಂಗಡದಲ್ಲಿ ಅರ್ಧವಾದರೂ ವಾಪಸು ಬಂದದ್ದು ನನ್ನ ಗಂಡ ತಿಂಗಳುಗಟ್ಟಲೆ ಅಲೆದದ್ದರಿಂದ.

ಅಂದಿನಿಂದ ನೋಡಲು ಬಂದವರನ್ನು ನಾನು ಮೊದಲು ನಡುಮನೆಗೇ ಕರೆದುಕೊಂಡು ಹೋಗುತ್ತಿದ್ದೆ. ಇಲ್ಲಿ ಹಗೇವು ಇತ್ತು, ಒಬ್ಬರಿಗೆ ಹೀಗಾಯಿತು, ಈಗ ತುಂಬಿಸಿದ್ದೇವೆ ಎಂದು ಹೇಳಿ ಆಮೇಲೆ ತೇಗದ ತೊಲೆ ತೋರಿಸುತ್ತಿದ್ದೆ. ಕೆಲವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮಾರಾಕ ಕುಂತೀಯೋ ಹೆದರಸಾಕ ಕುಂತೀಯೋ ಎಂದು ನನ್ನ ಗಂಡ ರೇಗಿದರು. ಮುಂಗಾರು ಬಂದಾಗ ಆ ಬಂಡೆ ಎರಡು ಬೆರಳಿನಷ್ಟು ಕುಸಿಯಿತು. ಮತ್ತೆ ಮಣ್ಣು ಹಾಕಿಸಿದೆವು. ಅದನ್ನೂ ಬಂದವರಿಗೆ ಹೇಳಿದೆ.

ಮರುವರ್ಷ ಕೂಡ್ಲಿಗಿಯ ಆ ಹೆಣ್ಣುಮಗಳು ಒಬ್ಬಳೇ ಬಂದಳು. ಗಂಡನಿಗೆ ಕೊಟ್ಟೂರಿಗೆ ವರ್ಗವಾಗಿತ್ತು, ಬಾಡಿಗೆ ಮನೆ ಸಿಕ್ಕಿರಲಿಲ್ಲ. ಎಲ್ಲಿ ತೋರಿಸಿ ಅಂದಳು. ತೋರಿಸಿದೆ. ಚಪ್ಪಲಿ ಬಿಟ್ಟು ಆ ಬಂಡೆಯ ಮೇಲೆ ಎರಡೂ ಕಾಲಿಟ್ಟು ನಿಂತಳು.

"ಎಲ್ರೂ ಮುಚ್ಚಿ ಮಾರ್ತಾರ್ರಿ. ನೀವು ತಗದು ತೋರಿಸಿರಿ. ಗೊತ್ತಿರೋದು ಇದೊಂದ ಐಬು. ಬ್ಯಾರೆ ಮನ್ಯಾಗ ಏನೈತೋ ಯಾರು ಹೇಳ್ತಾರ?"

ಮೊದಲು ಕೇಳಿದ ಬೆಲೆಗಿಂತ ಬಹಳ ಕಡಿಮೆಗೆ ಕೊಟ್ಟೆವು. ಕೈಬಿಟ್ಟರೆ ಸಾಕಾಗಿತ್ತು. ಮಗುವಿನ ತೊಟ್ಟಿಲನ್ನು ಮಾತ್ರ ಆ ಕಡೆ ಕಟ್ಟಬೇಡ ಎಂದು ಹೇಳಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಮೊದಲು ಬಾಡಿಗೆಗೆ ಇದ್ದು, ಅಕ್ಕಪಕ್ಕದವರನ್ನು ಹತ್ತು ಸಲ ವಿಚಾರಿಸಿ ಒಂದು ಸಣ್ಣ ಮನೆ ಕೊಂಡೆವು. ಅತ್ತೆ ಅಲ್ಲಿ ಕಡೆಯವರೆಗೂ ಬಾಗಿಲ ಬಳಿಯೇ ಮಲಗಿದಳು.

ಹಳೆಯ ಕಟ್ಟಿಗೆಯವನು ಒಂದು ಸಲ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕ. ಮನಿ ಹೋತಂತಲ್ರಿ ಅಂದ. ಹೌದೆಂದೆ. ಹಗೇವಿನ ಮಾತು ಹೇಳಿ ಕೊಟ್ಟಿರೇನು ಎಂದು ಕೇಳಿದ. ಹೇಳಿಯೇ ಕೊಟ್ಟೆ ಎಂದೆ. ತಲೆಯಾಡಿಸಿ ಅರಸೀಕೆರೆ ಬಸ್ಸಿನ ಕಡೆ ಹೋದ. ಅತ್ತೆ ಹೇಗಿದ್ದಾಳೆ ಎಂದು ಕೇಳಲಿಲ್ಲ.

ಕಾಂಪೌಂಡರ್ ಹೆಂಡತಿ ವರ್ಷಕ್ಕೊಮ್ಮೆ ಯಾವುದಾದರೂ ಮದುವೆಯಲ್ಲಿ ಭೇಟಿಯಾಗುತ್ತಿದ್ದಳು. ಮಕ್ಕಳ ಓದು, ಗಂಡನ ಆರೋಗ್ಯ ಎಲ್ಲ ಹೇಳಿ ಮುಗಿಸಿದ ಮೇಲೆ, ಈ ಮಳೆಗೂ ನಡುಮನೆ ಬಂಡೆ ಕೆಳಗೆ ಕೂತಿತು, ನಾಲ್ಕು ಬುಟ್ಟಿ ಮಣ್ಣು ಹಾಕಿಸಿದೆವು ಎನ್ನುತ್ತಿದ್ದಳು. ದೂರು ಹೇಳುವಂತೆ ಅಲ್ಲ, ಹವಾಮಾನ ಹೇಳಿದಂತೆ. ಒಂದು ವರ್ಷವೂ ಅದು ತಪ್ಪಲಿಲ್ಲ. ನಾನು ಹೂಂ ಎನ್ನುತ್ತಿದ್ದೆ. ಇಷ್ಟು ವರ್ಷ ಹಾಕಿದ ಮಣ್ಣೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.